ಹರಿದು ಹಾಕದ ಡಬ್ಬಿಗಳು

“ಇನ್ನೊಮ್ಮೆ ಅನ್ನೋ! ಧೈರ್ಯ ಇದ್ರ ಇನ್ನೊಮ್ಮೆ ಅಂದು ತೋರ್ಸು!”

ಗುಲನಾಜಳ ಕೈಯಲ್ಲಿ ಅನಿಲನ ನೀರಿನ ಬಾಟಲಿ ಇತ್ತು. ಆ ಕೈ ಕಿಟಕಿಯ ಸರಳುಗಳಿಂದ ಆಚೆ ಚಾಚಿಕೊಂಡಿತ್ತು. ಕೆಳಗೆ ಶಾಲೆಯ ನಲ್ಲಿಯ ಕೆಸರು. ಐದನೆಯ ತರಗತಿಯ ಅರ್ಧ ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತು ನೋಡುತ್ತಿದ್ದರು. ಶನಿವಾರದ ಬೆಳಗಿನ ಶಾಲೆ, ಕೊನೆಯ ಪಿರಿಯಡ್ಡು, ಟೀಚರ್ ಆಫೀಸಿಗೆ ಹೋಗಿದ್ದರು. ಜಗಳಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಎಲ್ಲಿ ಸಿಗುತ್ತದೆ?

ಅನಿಲನ ಹಣೆಯ ಮೇಲೆ ಬಿಳಿ ಪಟ್ಟಿ ಇತ್ತು. ಪಟ್ಟಿಯ ಕೆಳಗೆ ಮೂರು ಹೊಲಿಗೆ. ಅದನ್ನು ಕಿರೀಟದ ಹಾಗೆ ಹೊತ್ತುಕೊಂಡು ಅವನು ಎಲ್ಲರ ಬೆಂಚಿಗೂ ಹೋಗಿ ತೋರಿಸಿ ಬಂದಿದ್ದ.

“ಅಂತೇನಿ, ಏನ್ ಮಾಡ್ತಿ? ನಿಮ್ಮಪ್ಪ ಕಳ್ಳ! ಕಂಪನಿ ಬ್ರೇಕ್ ಪ್ಯಾಡ್ ತಾ ಇಟಗೊಂಡು ನಮ್ಮ ವ್ಯಾನಿಗೆ ಡೂಪ್ಲಿಕೇಟ್ ಹಾಕ್ಯಾನ. ನಮ್ಮಪ್ಪs ಹೇಳ್ಯಾನ!”

ಬಾಟಲಿ ಕೆಸರಿಗೆ ಬಿತ್ತು. ತಾನಾಗಿ ಬಿತ್ತೋ, ಗುಲನಾಜ ಬಿಟ್ಟಳೋ, ಅವಳಿಗೇ ಗೊತ್ತಾಗಲಿಲ್ಲ.

“ನಮ್ಮಪ್ಪ ಯಾರದೂ ಒಂದು ನಟ್ಟು ಸೈತ ಇಟಗೊಂಡಾವಲ್ಲ!” ಎಂದು ಅವಳು ಕೂಗಿದಳು. ಕೂಗುವಾಗ ದನಿ ಒಡೆಯಿತು. ಅದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಹಿಂದಿನ ಬೆಂಚಿನಿಂದ ಯಾರೋ “ಡೂಪ್ಲಿಕೇಟ್ ಮಿಸ್ತ್ರಿ ಮಗಳು” ಎಂದರು. ನಾಲ್ಕಾರು ಜನ ನಕ್ಕರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಹೊಡೆಯದಿದ್ದರೆ ಅನಿಲನ ಕಂಪಾಸ್ ಪೆಟ್ಟಿಗೆಯೂ ಕೆಸರಿಗೆ ಹೋಗುತ್ತಿತ್ತು.

ಸಿಟ್ಟು ಬರದೆ ಏನು ಮಾಡೀತು? ನಡೆದದ್ದನ್ನು ಹೇಳುತ್ತೇನೆ, ನೀವೇ ನ್ಯಾಯ ಹೇಳಿ.

ಗುರುವಾರ ಬೆಳಿಗ್ಗೆ ಚನ್ನಬಸಯ್ಯನ ಮಾರುತಿ ವ್ಯಾನು ಎಂದಿನಂತೆ ಹಳ್ಳಿಯ ಮಕ್ಕಳನ್ನು ತುಂಬಿಕೊಂಡು ದೇವರ ಹಿಪ್ಪರಗಿ ರಸ್ತೆಯಲ್ಲಿ ಸಿಂದಗಿಗೆ ಬರುತ್ತಿತ್ತು. ಹಳ್ಳದ ಇಳಿಜಾರಿನಲ್ಲಿ ಎತ್ತಿನ ಬಂಡಿಯೊಂದು ಅಡ್ಡ ಬಂತು. ಚನ್ನಬಸಯ್ಯ ಬ್ರೇಕ್ ತುಳಿದ. ಕರ್ರ್ ಎಂದು ಸದ್ದಾಯಿತೇ ಹೊರತು ಗಾಡಿ ನಿಲ್ಲಲಿಲ್ಲ. ಮತ್ತೆ ತುಳಿದ. ನಿಲ್ಲಲಿಲ್ಲ. ಆ ಮನುಷ್ಯ ಜೋರಾಗಿ ಸ್ಟೇರಿಂಗ್ ತಿರುಗಿಸಿ, ವ್ಯಾನನ್ನು ರಸ್ತೆಯಿಂದ ಇಳಿಸಿ, ಹೊಲದಲ್ಲಿ ಒಟ್ಟಿದ್ದ ಜೋಳದ ಕಣಕಿಯ ಬಣವೆಗೆ ನುಗ್ಗಿಸಿದ. ಬಣವೆ ಇತ್ತೆಂದು ಮಕ್ಕಳು ಉಳಿದರು. ಕೆಲವರಿಗೆ ಕೈಕಾಲು ತರಚಿತು. ಮುಂದಿನ ಸೀಟಿನಲ್ಲಿ ಕೂತಿದ್ದ ಅನಿಲನಿಗೆ ಹಣೆ ಒಡೆಯಿತು.

ಆಮೇಲೆ ಯಾರೋ ಬೇರೆ ಮಿಸ್ತ್ರಿ ಬಂದು ವ್ಯಾನಿನ ಗಾಲಿ ಬಿಚ್ಚಿ ನೋಡಿ, “ಇವು ಕಂಪನಿ ಪ್ಯಾಡ್ ಅಲ್ಲ, ಡೂಪ್ಲಿಕೇಟ್” ಎಂದುಬಿಟ್ಟ. ಮೂರು ವಾರದ ಹಿಂದೆ ಆ ಪ್ಯಾಡ್ ಹಾಕಿದವನು ಮೋದಿನಸಾಬ, ಅಂದರೆ ಗುಲನಾಜಳ ಅಪ್ಪ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರು ಯಾರು? ಶುಕ್ರವಾರ ಮಧ್ಯಾಹ್ನದೊಳಗೆ ಮೋದಿನಸಾಬ ಕಳ್ಳನಾದ. ಅವನನ್ನು ಒಂದು ಮಾತು ಕೇಳಿದವರಿಲ್ಲ.

ಆ ಪ್ಯಾಡ್ ಬದಲಿಸಿದ ದಿನ ಗುಲನಾಜ ಅಲ್ಲೇ ಇದ್ದಳು. ಗ್ಯಾರೇಜಿನಲ್ಲಿ ಹಳೆಯ ಜೀಪಿನ ಸೀಟೊಂದಿದೆ. ಅದರ ಮೇಲೆ ಕೂತು ಹೋಮ್‌ವರ್ಕ್ ಬರೆಯುವುದು ಅವಳ ರೂಢಿ. ಮೋದಿನಸಾಬ ಗಾಲಿ ಬಿಚ್ಚಿ ಚನ್ನಬಸಯ್ಯನನ್ನು ಕರೆದು ತೋರಿಸಿದ. ಗಾಲಿಯ ಒಳಗೆ ಒಂದು ಉಕ್ಕಿನ ತಟ್ಟೆ ಇರುತ್ತದೆ. ಬ್ರೇಕ್ ತುಳಿದಾಗ ಎರಡು ಕಡೆಯಿಂದ ಎರಡು ಪ್ಯಾಡು ಬಂದು ಅದನ್ನು ಗಟ್ಟಿಯಾಗಿ ಅಮುಕಿ ಹಿಡಿಯುತ್ತವೆ. ಹಿಡಿದರೆ ಗಾಡಿ ನಿಲ್ಲುತ್ತದೆ. ಆ ಪ್ಯಾಡಿನ ಕರಿಯ ಪದರ ಸವೆದು ಕಬ್ಬಿಣದ ತನಕ ಬಂದಿತ್ತು.

“ಹೊಸಾವು ಹಾಕ್ಬೇಕ್ರಿ ಅಯ್ಯಾರ,” ಎಂದ ಮೋದಿನಸಾಬ.

“ಹಾಕು. ಸೋವಿ ಮಾಲು ಬರ್ತಾವಂತಲ್ಲ, ಅರ್ಧ ರೇಟಿಗೆ? ಅವನ್ನ ಹಾಕಿಬಿಡು.”

“ಬರ್ತಾವ್ರಿ. ಸೋವಿ ಅಂತ ಮುಗ್ಗಿದ ಜೋಳ ತಂದ್ರ ರೊಟ್ಟಿ ಹೆಂಗ ಆಗ್ತಾವ ಹೇಳ್ರಿ?”

“ನೋಡಾಕ ಎರಡೂ ಒಂದs ಥರಾ ಇರ್ತಾವ ಅಲಾ ಮಾರಾಯಾ!”

“ನೋಡಾಕ ಒಂದs ಥರಾ. ಇಳಕಲಿನ್ಯಾಗ ಒಂದs ಥರಾ ಅಲ್ರಿ. ಮಕ್ಕಳು ಕುಂದ್ರೋ ಗಾಡಿ ಇದು. ಅವನ್ನ ಹಾಕ್ಸೋದಾದ್ರ ಬ್ಯಾರೆ ಮಿಸ್ತ್ರಿ ಕಡೆ ಹೋಗ್ರಿ, ನನಗ ಬ್ಯಾಸರ ಇಲ್ಲ.”

ಚನ್ನಬಸಯ್ಯ ಗೊಣಗಿದ. ಟೋಪಿ ತೆಗೆದು ತಲೆ ಕೆರೆದುಕೊಂಡ. ಕೊನೆಗೆ ಹೋಗಿ ರಾವಸಾಬ ಸಾವ್ಕಾರರ ಬಿಡಿಭಾಗದ ಅಂಗಡಿಯಿಂದ ಕಂಪನಿ ಪ್ಯಾಡನ್ನೇ ತಂದ. ನೀಲಿ ಬಣ್ಣದ ಮಿರಿಮಿರಿ ಡಬ್ಬಿ, ಮೇಲೆ ಟೇಪು ಹಚ್ಚಿದ ಸೀಲು. ಪೂರಾ ರೇಟು ಕೊಟ್ಟಿದ್ದಕ್ಕೆ ಅವನಿಗೆ ಹೊಟ್ಟೆ ಉರಿದಿತ್ತು, ಆದರೆ ಹೆಮ್ಮೆಯೂ ಆಗಿತ್ತು. ಕೆಲಸ ಮುಗಿದ ಮೇಲೆ ಖಾಲಿ ಡಬ್ಬಿಯನ್ನು ಕೇಳಿ ಇಸಿದುಕೊಂಡ.

“ಡಬ್ಬಿ ಯಾಕ್ರಿ? ಹರಿದು ಒಗಿಯೋದ ಅದು,” ಎಂದ ಮೋದಿನಸಾಬ.

“ಇರ್ಲಿ ಬಿಡೋ! ಮಕ್ಕಳ ಅಪ್ಪ-ಅವ್ವಗೋಳಿಗೆ ತೋರ್ಸ್ತೇನಿ. ಚನ್ನಬಸಯ್ಯ ಕಂಪನಿ ಮಾಲು ಹಾಕ್ಸ್ಯಾನ ಅಂತ ಗೊತ್ತಾಗ್ಲಿ.”

ಅಂದಿನಿಂದ ಆ ಡಬ್ಬಿ ವ್ಯಾನಿನ ಮುಂಗಡೆ, ದೇವರ ಫೋಟೋದ ಪಕ್ಕದಲ್ಲೇ ಕೂತಿತ್ತು. ಈಗ ಅದೇ ಡಬ್ಬಿ ಮೋದಿನಸಾಬನಿಗೆ ಮುಳುವಾಯಿತು. ಡಬ್ಬಿ ಕಂಪನಿಯದು, ಒಳಗಿನ ಪ್ಯಾಡು ಡೂಪ್ಲಿಕೇಟು. ಹಾಗಾದರೆ ನಡುವೆ ಬದಲಿಸಿದವನು ಯಾರು? ಮಿಸ್ತ್ರಿಯೇ!

ಶಾಲೆಯಿಂದ ಹೊರಟ ಗುಲನಾಜ ನೇರ ಮನೆಗೆ ಹೋಗಲಿಲ್ಲ. ದಾರಿಯಲ್ಲಿ ರಾವಸಾಬರ ಅಂಗಡಿಯ ಮುಂದೆ ನಿಂತಳು. ಸಾವ್ಕಾರರು ದೊಡ್ಡ ಮನುಷ್ಯರು, ಅವರ ಮಾತಿಗೆ ಊರಲ್ಲಿ ತೂಕ ಇದೆ. ಮೇಲಾಗಿ ಅವರಿಗೂ ಗುಲನಾಜಳಿಗೂ ಒಂದು ಗುಟ್ಟಿನ ಗೆಳೆತನ ಇತ್ತು.

ಗ್ಯಾರೇಜಿನಲ್ಲಿ ಹೊಸ ಸಾಮಾನು ಬಿಚ್ಚಿದಾಗ ಉಳಿಯುವ ಖಾಲಿ ಡಬ್ಬಿಗಳನ್ನು ಹರಿದು ನೀರೊಲೆಗೆ ಹಾಕುವುದು ಗುಲನಾಜಳ ಕೆಲಸ. “ಒಂದೂ ಉಳೀಬಾರ್ದು, ಚೂರು ಚೂರು ಮಾಡು,” ಎಂದು ಅಪ್ಪ ಹೇಳಿದ್ದ. ಯಾಕೆಂದು ಹೇಳಿರಲಿಲ್ಲ. ಮೋದಿನಸಾಬ ಕೆಲಸದಲ್ಲಿ ಚುರುಕು, ಮಾತಿನಲ್ಲಿ ಜಿಪುಣ. ಅಷ್ಟು ಚಂದದ ನೀಲಿ ಡಬ್ಬಿಗಳನ್ನು ಹರಿಯಲು ಯಾವ ಹುಡುಗಿಗೆ ಮನಸ್ಸು ಬರುತ್ತದೆ? ಒಂದು ದಿನ ಅವಳ ಕೈಯಲ್ಲಿ ಅಂಥದ್ದೊಂದನ್ನು ನೋಡಿದ ರಾವಸಾಬರು, “ಒಗೀಬ್ಯಾಡವಾ, ನನಗ ಕೊಡು. ನಟ್ಟು ಬೋಲ್ಟು ಹಾಕಿಡಾಕ ಬೇಕಾಗ್ತಾವ,” ಎಂದಿದ್ದರು. ಒಂದು ಡಬ್ಬಿಗೆ ಒಂದು ರೇಡಿಯಂ ಸ್ಟಿಕರು. ನಂಬರ್ ಪ್ಲೇಟಿಗೆ ಅಕ್ಷರ ಕತ್ತರಿಸಿ ಉಳಿದ ತುಂಡಿನಲ್ಲಿ ಅವರೇ ನಕ್ಷತ್ರದಾಕಾರದ ಚುಕ್ಕಿ ಕತ್ತರಿಸಿ ಕೊಡುತ್ತಿದ್ದರು. ಗುಲನಾಜಳ ಕಂಪಾಸ್ ಪೆಟ್ಟಿಗೆಯ ಮೇಲೆ ಈಗ ಚುಕ್ಕಿಗಳ ಸಾಲೇ ಇತ್ತು.

“ಸಾವ್ಕಾರ ಕಾಕಾ, ನೀವರೆ ಹೇಳ್ರಿ ಎಲ್ಲಾರಿಗೂ,” ಎಂದಳು ಗುಲನಾಜ. “ನಮ್ಮಪ್ಪ ಹಂಗ ಮಾಡಾಂವ ಅಲ್ಲಂತ ಹೇಳ್ರಿ. ನಿಮ್ಮ ಮಾತು ಕೇಳ್ತಾರ.”

ರಾವಸಾಬರು ಕನ್ನಡಕ ಏರಿಸಿ ಅವಳನ್ನು ನೋಡಿದರು. ಮುಖದಲ್ಲಿ ಜೇನು ತೊಟ್ಟಿಕ್ಕುತ್ತಿತ್ತು.

“ಹೇಳ್ತೇನವಾ, ಹೇಳ್ದs ಬಿಡ್ತೇನಿ? ನಾ ಈಗ ನಿಮ್ಮ ಗ್ಯಾರೇಜ್ ಕಡೇನ ಹೊಂಟೇನಿ. ಚನ್ನಬಸಯ್ಯ ಕರ್ಯಾಕ ಬಂದಿದ್ದ. ನೀ ನಡಿ. ಮತ್ತ ಈ ವಾರ ಡಬ್ಬಿ ತರ್ಲಿಲ್ಲಲ್ಲ?”

“ತರ್ತೇನ್ರಿ,” ಎಂದು ಗುಲನಾಜ ಓಡಿದಳು. ಎದೆಯ ಭಾರ ಅರ್ಧ ಇಳಿದಿತ್ತು.

ಗ್ಯಾರೇಜಿನ ಮುಂದೆ ಜನ ಸೇರಿದ್ದರು. ನಡುವೆ ಚನ್ನಬಸಯ್ಯ, ಕೈಯಲ್ಲಿ ಆ ನೀಲಿ ಡಬ್ಬಿ. ಪಕ್ಕದಲ್ಲಿ ಅನಿಲನ ಅಪ್ಪ ಬಸಂತರಾಯ. ಅವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಅನಿಲ, ಒದ್ದೆ ಬಾಟಲಿ ಹಿಡಿದುಕೊಂಡು. ಗುಲನಾಜಳ ಅಮ್ಮ ಶಮಶಾದಬಿ ಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು. ಮೋದಿನಸಾಬ ಎಣ್ಣೆಯ ಕೈಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ಕೈ ಯಾವಾಗಲೋ ಸ್ವಚ್ಛವಾಗಿತ್ತು.

“ಪೂರಾ ರೇಟು ಕೊಟ್ಟೇನೋ ನಾ!” ಚನ್ನಬಸಯ್ಯ ಕೂಗುತ್ತಿದ್ದ. “ಸೋವಿ ಹಾಕು ಅಂದ್ರ ನನಗ ಮುಗ್ಗಿದ ಜೋಳದ ಕತಿ ಹೇಳ್ದಿ. ಹನ್ನೊಂದು ಮಕ್ಕಳು ಇದ್ವೋ ಗಾಡ್ಯಾಗ! ಬಣವಿ ಇರ್ಲಿಲ್ಲಂದ್ರ ಅವರ ಅಪ್ಪ-ಅವ್ವಗೋಳಿಗೆ ಏನ್ ಮಾರಿ ತೋರ್ಸ್ತಿದ್ದೆ?”

“ನಾ ಬದ್ಲಿ ಮಾಡಿಲ್ರಿ ಅಯ್ಯಾರ,” ಎಂದ ಮೋದಿನಸಾಬ.

ಅಷ್ಟರಲ್ಲಿ ರಾವಸಾಬರು ಸ್ಕೂಟರಿನಲ್ಲಿ ಬಂದಿಳಿದರು. ಯಾರೋ ಓಡಿಹೋಗಿ ಕುರ್ಚಿ ತಂದರು. ಗುಲನಾಜ ಕಣ್ಣು ಮಿಟುಕಿಸದೆ ಅವರನ್ನೇ ನೋಡಿದಳು. ಈಗ ಹೇಳುತ್ತಾರೆ. ಈಗ ಎಲ್ಲರ ಬಾಯಿ ಮುಚ್ಚುತ್ತದೆ.

ರಾವಸಾಬರು ಕೂತರು, ಧೋತರದ ಚುಂಗು ಸರಿಪಡಿಸಿಕೊಂಡರು, ಗಂಟಲು ಸರಿಮಾಡಿಕೊಂಡರು.

“ನಂದು ಇಪ್ಪತ್ತು ವರ್ಷದ ಅಂಗಡಿ. ನಾ ಸೀಲ್ ಡಬ್ಬಿ ಕೊಟ್ಟೇನಿ. ಸೀಲ್ ಒಡ್ಯಾಂವ ಮಿಸ್ತ್ರಿ. ಒಳಗಿನ ಮಾಲು ಎಲ್ಲಿ ಹೋತಂತ ಅವಂಗs ಕೇಳ್ರಿ. ಬಡತನ ಏನೇನೋ ಮಾಡಸ್ತದ ಮನಷ್ಯಾಗ.”

ಗುಲನಾಜಳಿಗೆ ಕಿವಿ ಬಿಸಿಯಾಯಿತು. ಹತ್ತು ನಿಮಿಷದ ಹಿಂದೆ ‘ಹೇಳ್ತೇನವಾ’ ಎಂದ ಬಾಯಿ ಇದೇನಾ? ನಾಲಿಗೆಗೆ ಎಲುಬಿಲ್ಲ ಎಂದು ಅಮ್ಮ ಯಾವಾಗಲೂ ಹೇಳುತ್ತಿದ್ದಳು. ಇಂಥವರನ್ನು ನೋಡಿಯೇ ಹೇಳಿರಬೇಕು.

“ನೋಡು, ನೋಡಿಕೋ!” ಎಂದು ಚನ್ನಬಸಯ್ಯ ಆ ಡಬ್ಬಿಯನ್ನು ಮೋದಿನಸಾಬನ ಕಾಲ ಬಳಿ ಎಸೆದ. ಡಬ್ಬಿ ಉರುಳಿ ಅದರ ತಳ ಬಿಚ್ಚಿಕೊಂಡಿತು.

ಗುಲನಾಜ ಧಾವಿಸಿ ಅದನ್ನು ಎತ್ತಿಕೊಂಡಳು. ಅದನ್ನು ರಾವಸಾಬರ ಮುಖದ ಮುಂದೆ ಹಿಡಿದು ಏನಾದರೂ ಅನ್ನಬೇಕೆಂದಿದ್ದಳು. ಏನೆಂದು ಗೊತ್ತಿರಲಿಲ್ಲ. ಎತ್ತಿದ ಕೈ ಅಲ್ಲೇ ನಿಂತಿತು.

ತಳದ ಒಳಗಡೆ, ಯಾರೂ ನೋಡದ ಜಾಗದಲ್ಲಿ, ನೀಲಿ ಬಾಲ್‌ಪೆನ್ನಿನಲ್ಲಿ ಹದಿನೇಳರ ಮಗ್ಗಿ ಬರೆದಿತ್ತು. ಸಣ್ಣ ಸಣ್ಣ ಅಕ್ಷರ. ಅವಳದೇ ಅಕ್ಷರ.

ಸಂಕ್ರಾಂತಿ ಮುಗಿದ ವಾರ ಶಾಲೆಯಲ್ಲಿ ಮಗ್ಗಿ ಪರೀಕ್ಷೆ ಇತ್ತು. ಹದಿನೇಳರ ಮಗ್ಗಿ ತಲೆಗೆ ಹತ್ತದೆ ಅವಳು ಡಬ್ಬಿಯ ತಳದಲ್ಲಿ ಬರೆದುಕೊಂಡು, ಅದರಲ್ಲಿ ಪೆನ್ಸಿಲ್ಲು ಹಾಕಿಕೊಂಡು ಹೋಗಿದ್ದಳು. ಬಗ್ಗಿ ನೋಡಿ ಹೇಳಿದಳು. ಆದರೆ ಬರೆದುಕೊಂಡದ್ದೇ ತಪ್ಪಾಗಿತ್ತು. ‘ಹದಿನೇಳೆಂಟಲೆ ನೂರಾ ಮೂವತ್ತೆಂಟು.’ ಟೀಚರ್ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಆ ಡಬ್ಬಿಯ ಮುಖ ನೋಡಲೂ ಬೇಸರವಾಗಿ ಅದೇ ಸಂಜೆ ರಾವಸಾಬರಿಗೆ ಕೊಟ್ಟು ಒಂದು ಚುಕ್ಕಿ ತಂದಿದ್ದಳು.

ಆ ಡಬ್ಬಿ ಇದು. ನಟ್ಟು ಬೋಲ್ಟು ಹಾಕಿಡಲು ಕೊಟ್ಟ ಡಬ್ಬಿ. ಇದರಲ್ಲಿ ಸೋವಿ ಪ್ಯಾಡು ತುಂಬಿ, ಮೇಲೆ ಟೇಪು ಹಚ್ಚಿ, ಪೂರಾ ರೇಟಿಗೆ ಮಾರಿದ್ದರು.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಅದರ ಬೆನ್ನಿಗೇ ಬಂದದ್ದು ಹೆದರಿಕೆ. ಈಗ ಬಾಯಿ ಬಿಟ್ಟರೆ ಡಬ್ಬಿ ಕೊಟ್ಟವಳು ತಾನೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಹರಿದು ಹಾಕು ಎಂದಿದ್ದ ಅಪ್ಪನಿಗೆ ಗೊತ್ತಾಗುತ್ತದೆ. ಅನಿಲನಿಗೆ ಗೊತ್ತಾಗುತ್ತದೆ. ಅವಳ ಕೈ ತಾನಾಗಿಯೇ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿತು.

ರಾವಸಾಬರು ಅದನ್ನು ನೋಡಿದರು. ಅವಳ ಮುಖ ನೋಡಿದರು. ಅವರಿಗೆ ತಿಳಿದುಹೋಯಿತು.

“ಶ್ಯಾಣ್ಯಾ ಹುಡುಗಿ,” ಎಂದು ಮೆಲ್ಲಗೆ ಕೈ ಚಾಚಿದರು. “ಡಬ್ಬಿ ಇಲ್ಲಿ ಕೊಡವಾ. ದೊಡ್ಡವರ ಮಾತಿನ್ಯಾಗ ಸಣ್ಣವರದೇನು ಕೆಲಸ?”

ಅದೇ ಹೊತ್ತಿಗೆ ಮೋದಿನಸಾಬ ಮಾತಾಡಿದ.

“ಡಬ್ಬಿ ನೋಡಿ ನಂಬಿದೆ ನಾ. ಅವತ್ತು ಲಾರಿಯವ ಒಬ್ಬ ಗಡಬಡ ಮಾಡಾಕತ್ತಿದ್ದ. ಪ್ಯಾಡ್ ಬೆಳಕಿಗೆ ಹಿಡಿದು ನೋಡ್ಬೇಕಾಗಿತ್ತು, ನೋಡ್ಲಿಲ್ಲ. ಅಷ್ಟು ತಪ್ಪು ನಂದs ಐತ್ರಿ.”

“ಕೇಳಿದ್ರಲ್ಲ?” ರಾವಸಾಬರು ತೊಡೆ ತಟ್ಟಿದರು. “ತಪ್ಪು ತಂದs ಅಂತ ಒಪ್ಪಿಕೊಂಡ! ಇನ್ನೇನು ಬೇಕು?”

ಜನ ಗುಜುಗುಜು ಎಂದರು. ಬಸಂತರಾಯ ತೋಳು ಮೇಲೇರಿಸಿದ. ಇಷ್ಟು ನ್ಯಾಯವಂತ ಮನುಷ್ಯನ ಇಷ್ಟು ಪ್ರಾಮಾಣಿಕ ಮಾತನ್ನು ಹೀಗೆ ತಿರುಚುತ್ತಾರಲ್ಲ! ಗುಲನಾಜಳ ಮೈಯೆಲ್ಲಾ ಉರಿಯಿತು. ಆ ಉರಿಯಲ್ಲಿ ಹೆದರಿಕೆ ಎಲ್ಲಿ ಹೋಯಿತೋ.

“ಸುಳ್ಳು!” ಅವಳು ಚೀರಿದಳು. “ಈ ಡಬ್ಬಿ ನಂದು! ನಾ ಕೊಟ್ಟೇನಿ ಸಾವ್ಕಾರ್ರಿಗೆ, ಖಾಲಿ ಡಬ್ಬಿ! ಸಂಕ್ರಾಂತಿ ಆದ ವಾರ ಕೊಟ್ಟೇನಿ!”

“ಏನೇನೋ ಬಡಬಡಸ್ತದ ಕೂಸು,” ಎಂದು ರಾವಸಾಬರು ನಕ್ಕರು. ಆದರೆ ಕುರ್ಚಿಯಿಂದ ಅರ್ಧ ಎದ್ದಿದ್ದರು.

“ಒಳಗ ನಾ ಮಗ್ಗಿ ಬರ್ದೇನಿ, ನೋಡ್ರಿ! ಹದಿನೇಳೊಂದಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಕು...” ಅವಳು ಒಂದೊಂದಾಗಿ ಓದುತ್ತಾ ಹೋದಳು. ಕಣ್ಣೀರು ಇಳಿಯುತ್ತಿತ್ತು, ಓದು ನಿಲ್ಲಲಿಲ್ಲ. “ಹದಿನೇಳೆಂಟಲೆ ನೂರಾ ಮೂವತ್ತೆಂಟು!”

“ಏ ಅಪ್ಪಾ!” ಸೈಕಲ್ಲಿನ ಮೇಲಿಂದ ಅನಿಲ ಕೂಗಿದ. “ಇದು ಇಕೀದs ಮಗ್ಗಿ! ನೂರಾ ಮೂವತ್ತಾರು ಅನ್ನೋದಕ್ಕ ಮೂವತ್ತೆಂಟು ಅಂದಿದ್ಳು! ಟೀಚರ್ ಬೆಂಚಿನ ಮ್ಯಾಲ ನಿಂದ್ರಿಸಿದ್ರು. ಇಡೀ ಕ್ಲಾಸಿಗೆ ಗೊತ್ತೈತಿ!”

ಬಸಂತರಾಯ ಡಬ್ಬಿಯನ್ನು ತೆಗೆದುಕೊಂಡು ಒಳಗೆ ಇಣುಕಿದ. ಆಮೇಲೆ ಚನ್ನಬಸಯ್ಯ ಇಣುಕಿದ. ಚನ್ನಬಸಯ್ಯನ ಮುಖ ನಿಧಾನವಾಗಿ ರಾವಸಾಬರ ಕಡೆ ತಿರುಗಿತು.

“ಸಾವ್ಕಾರ್ರ, ನೀವು ನನಗ ಸೀಲ್ ಡಬ್ಬಿ ಕೊಟ್ಟಿದ್ರಿ. ಸೀಲ್ ಡಬ್ಬ್ಯಾಗ ಈ ಹುಡುಗಿ ಯಾವಾಗ ಹೊಕ್ಕು ಮಗ್ಗಿ ಬರದ್ಳು?”

ರಾವಸಾಬರು ಕುರ್ಚಿ ಬಿಟ್ಟು ಎದ್ದರು. ಇಪ್ಪತ್ತು ವರ್ಷದ ಅಂಗಡಿ ಅಂದರು, ದೊಡ್ಡ ಮನೆತನ ಅಂದರು, ಒಂದು ಹುಡುಗಿಯ ಮಾತು ಕಟ್ಟಿಕೊಂಡು ಕುಣಿಯುತ್ತೀರಾ ಅಂದರು. ಸ್ಕೂಟರಿನ ಕಡೆ ನಡೆದರು. ಬಸಂತರಾಯ ಸ್ಕೂಟರಿನ ಹ್ಯಾಂಡಲ್ ಹಿಡಿದ.

“ಅಂಗಡಿಗಿ ಹೋಗೂಣ ನಡೀರಿ. ಎಲ್ಲಾರೂ ಕೂಡೇ ಹೋಗೂಣ.”

ಜನವೆಲ್ಲ ಅವರ ಬೆನ್ನು ಹತ್ತಿ ಹೋಯಿತು. ಗ್ಯಾರೇಜಿನ ಮುಂದೆ ಗುಲನಾಜ, ಅವಳ ಅಪ್ಪ, ಮತ್ತು ಖಾಲಿ ಕುರ್ಚಿ ಉಳಿದವು.

ಅವಳು ಏಟಿಗೆ ಕಾದಳು. ಏಟು ಬೀಳಲಿಲ್ಲ. ಮೋದಿನಸಾಬ ಬಂದು ಅದೇ ಕುರ್ಚಿಯ ಮೇಲೆ ಕೂತ.

“ಇದಕ್ಕs ಹರೀ ಅಂತಿದ್ದೆ,” ಎಂದ. “ಯಾಕಂತ ಹೇಳ್ಬೇಕಾಗಿತ್ತು ನಾ. ಹೇಳ್ಲಿಲ್ಲ.”

“ನನಗ ಗೊತ್ತಿರ್ಲಿಲ್ಲಪ್ಪಾ...”

“ಹಂ.”

ಒಂದು ಗಂಟೆಯ ನಂತರ ಚನ್ನಬಸಯ್ಯ ತಿರುಗಿ ಬಂದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಚೀಲ ಸೋವಿ ಪ್ಯಾಡು ಸಿಕ್ಕಿದ್ದವಂತೆ. ಟೇಪು ಹಚ್ಚಿ ಮಾರಲು ಸಿದ್ಧವಾಗಿದ್ದ ನೀಲಿ ಡಬ್ಬಿ ಮೂರು. ಬಸಂತರಾಯ ಪೊಲೀಸ್ ಠಾಣೆಗೆ ಹೋಗಿದ್ದಾನಂತೆ. ಚನ್ನಬಸಯ್ಯ ಮೋದಿನಸಾಬನ ಮುಂದೆ ನಿಂತು ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

“ತಪ್ಪಾತೋ ಮೋದಿನಾ. ನಿನ್ನ ಕಳ್ಳ ಅಂದೆ.”

“ಇರ್ಲಿ ಬಿಡ್ರಿ ಅಯ್ಯಾರ.”

ಗುಲನಾಜಳಿಗೆ ಅದು ಸಾಲದು ಅನಿಸಿತು. ಎರಡು ದಿನ ಊರೆಲ್ಲ ಕಳ್ಳ ಅಂದದ್ದಕ್ಕೆ ಒಂದು ‘ತಪ್ಪಾತು’ ಸಾಕೇ? ಚನ್ನಬಸಯ್ಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೈಕಿನಲ್ಲಿ ಹೇಳಬೇಕಿತ್ತು. ಆದರೆ ಅಪ್ಪ ಆಗಲೇ ಬೇರೇನನ್ನೋ ಯೋಚಿಸುತ್ತಿದ್ದ.

“ಗುಲನಾಜ, ಒಟ್ಟು ಎಷ್ಟು ಡಬ್ಬಿ ಕೊಟ್ಟೀದಿ?”

ಅವಳು ಚೀಲದಿಂದ ಕಂಪಾಸ್ ಪೆಟ್ಟಿಗೆ ತೆಗೆದು ಚುಕ್ಕಿಗಳ ಮೇಲೆ ಬೆರಳಿಟ್ಟು ಎಣಿಸಿದಳು. “ಒಂಬತ್ತು.”

“ಮೂರು ಅಂಗಡ್ಯಾಗ ಸಿಕ್ಕಾವು. ಒಂದು ಅಯ್ಯಾರದು. ಉಳಿದಾವು?”

“ಐದು,” ಎಂದಳು.

“ಯಾರಿಗೆ ಮಾರ್ಯಾರಂತ್ರಿ ಅವನ್ನ?” ಮೋದಿನಸಾಬ ಚನ್ನಬಸಯ್ಯನನ್ನು ಕೇಳಿದ.

“ಕೇಳಿದ್ವಿ. ನೆನಪಿಲ್ಲಂತಾನ! ಬಿಲ್ಲೂ ಇಲ್ಲ, ಚೀಟೀನೂ ಇಲ್ಲ. ಇಂಡೀದು, ಮುದ್ದೇಬಿಹಾಳದು, ಬಾಗೇವಾಡೀದು, ಎಲ್ಲಾ ಕಡೆ ಗಾಡಿ ಬರ್ತಾವ, ಯಾವುದು ಅಂತ ನೆನಪಿಡ್ಲಿ ಅಂತಾನ!”

ಮೋದಿನಸಾಬ ಎದ್ದು ಅಂಗಿ ಹಾಕಿಕೊಂಡು ಎಸ್‌ಟಿಡಿ ಬೂತಿಗೆ ಹೋದ. ಗೊತ್ತಿದ್ದ ಮಿಸ್ತ್ರಿಗಳಿಗೆಲ್ಲ ಫೋನು ಮಾಡಿ ಆ ಐದು ಡಬ್ಬಿಗಳ ವಿಷಯ ಹೇಳಿದ. ಕೆಲವರು ಸಿಕ್ಕರು, ಕೆಲವರು ಸಿಗಲಿಲ್ಲ.

ಮರುದಿನ ರವಿವಾರ. ಗುಲನಾಜ ಬೆಳಿಗ್ಗೆಯೇ ಬಂದು ಗ್ಯಾರೇಜಿನ ಮುಂದೆ ರಸ್ತೆಯ ಅಂಚಿನಲ್ಲಿ ನಿಂತಳು. ಮೊದಲೆಲ್ಲ ಅವಳು ಗಾಡಿಗಳ ಬಣ್ಣ ನೋಡುತ್ತಿದ್ದಳು, ನಂಬರು ನೋಡುತ್ತಿದ್ದಳು. ಅವಳು ಕೊಟ್ಟ ಡಬ್ಬಿಗಳೆಲ್ಲ ಮಾರುತಿ ವ್ಯಾನಿನ ಪ್ಯಾಡಿನವು. ಇಂದು ಅಂಥ ಬಿಳಿಯ ವ್ಯಾನು ಬಂದಾಗಲೆಲ್ಲ ಒಳಗೆ ಯಾರು ಕೂತಿದ್ದಾರೆ ಎಂದು ನೋಡಿದಳು. ಮದುವೆಗೆ ಹೊರಟವರಿದ್ದರು. ತಲೆಗೆ ಬ್ಯಾಂಡೇಜು ಸುತ್ತಿಕೊಂಡ ಮುದುಕನಿದ್ದ. ಕಿಟಕಿಯಿಂದ ಕೈ ಬೀಸುವ ಮಕ್ಕಳಿದ್ದರು.

ಅವಳು ಕೈ ಅಡ್ಡ ಹಿಡಿದಳು. ಮೊದಲನೆಯ ವ್ಯಾನು ನಿಲ್ಲಲೇ ಇಲ್ಲ. ಎರಡನೆಯವನು ನಿಂತು ಬೈದು ಹೋದ. “ಸಣ್ಣ ಹುಡುಗಿ, ಗಾಡಿಗೆ ಅಡ್ಡ ಬರ್ತೀ?” ಎಂದ. ಮೂರನೆಯವನು, “ನಾ ಸೊಲ್ಲಾಪುರದಾಗ ಹಾಕ್ಸೇನವಾ,” ಎಂದು ನಕ್ಕ. ಬಿಸಿಲು ಏರಿತು. ಅಮ್ಮ ಒಮ್ಮೆ ಉಣ್ಣಲು ಕರೆದಳು. ಗುಲನಾಜ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಗೇವಾಡಿ ಕಡೆಯ ವ್ಯಾನೊಂದು ಬಂತು. ಕೈ ತೋರಿಸಿದ ಕೂಡಲೇ ಡ್ರೈವರು ನಿಧಾನ ಮಾಡಿದ. ನಿಲ್ಲುವಾಗ ಗಾಲಿಯಿಂದ ಕರ್ರ್ ಎಂದು ಸಣ್ಣ ಸದ್ದು ಬಂತು. ಗಾಡಿ ಅವಳನ್ನು ದಾಟಿ ನಾಲ್ಕು ಮಾರು ಮುಂದೆ ಹೋಗಿ ನಿಂತಿತು.

ಗುಲನಾಜ ಓಡಿದಳು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಹಸುಗೂಸನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಕೂಸಿನ ಹಣೆಗೆ ಕಾಡಿಗೆಯ ಬೊಟ್ಟು ಇಟ್ಟಿದ್ದರು. ಪಕ್ಕದಲ್ಲಿ ಅಜ್ಜಿ, ಕಾಲ ಬಳಿ ತೊಟ್ಟಿಲು.

“ಎಲ್ಲಿಗಿ ಹೋಗ್ಬೇಕವಾ?” ಎಂದ ಡ್ರೈವರು.

“ನಾ ಎಲ್ಲಿಗೂ ಇಲ್ರಿ. ಕಾಕಾ, ನಿಮ್ಮ ಗಾಡಿ ಬ್ರೇಕ್ ಪ್ಯಾಡ್ ಎಲ್ಲಿ ತಗೊಂಡ್ರಿ?”

“ಅದ್ಯಾಕ ಬೇಕು ನಿನಗ? ಇಲ್ಲೇ, ರಾವಸಾಬ ಸಾವ್ಕಾರ್ರ ಅಂಗಡ್ಯಾಗ. ಹೋದ ತಿಂಗ್ಳ ಹಾಕ್ಸೇನಿ. ಕಂಪನಿ ಮಾಲು.”

ಗುಲನಾಜ ವ್ಯಾನಿನ ಬಾಗಿಲು ಹಿಡಿದಳು. ಅವಳು ಕೂಸನ್ನು ನೋಡಿದಳು. ಅದು ನಿದ್ದೆಯಲ್ಲಿ ತುಟಿ ಆಡಿಸುತ್ತಿತ್ತು.

“ಇಳೀರಿ ಕಾಕಾ,” ಎಂದಳು. “ಎಲ್ಲಾರೂ ಇಳೀರಿ. ಅದು ಕಂಪನಿ ಮಾಲಲ್ಲ. ಆ ಡಬ್ಬಿ ಕೊಟ್ಟಾಕಿ ನಾನs.”

ಡ್ರೈವರು ಬೈಯಲು ಬಾಯಿ ತೆರೆದ. ಅವಳ ಮುಖ ನೋಡಿ ಇಂಜಿನ್ ಬಂದ್ ಮಾಡಿದ. ಅಷ್ಟರಲ್ಲಿ ಮೋದಿನಸಾಬ ಜಾಕ್ ಹಿಡಿದುಕೊಂಡು ಬಂದ. ಅಜ್ಜಿ ಗೊಣಗುತ್ತಾ ಇಳಿದಳು. ಶಮಶಾದಬಿ ಹೊರಗೆ ಬಂದು ಬಾಣಂತಿಯನ್ನೂ ಕೂಸನ್ನೂ ನೆರಳಿಗೆ ಕರೆದೊಯ್ದಳು.

ಮೋದಿನಸಾಬ ಗಾಲಿ ಬಿಚ್ಚಿದ. ಪ್ಯಾಡನ್ನು ಹೊರಗೆ ತೆಗೆದು ಈ ಸಲ ಬೆಳಕಿಗೆ ಹಿಡಿದು ನೋಡಿದ. ಕರಿಯ ಪದರ ಒಂದು ಮೂಲೆಯಿಂದ ಬಿರುಕು ಬಿಟ್ಟು ಎದ್ದಿತ್ತು. ಅವನು ಬೆರಳಿನಿಂದ ಮೀಟಿದ. ಅದು ಪುಡಿಪುಡಿಯಾಗಿ ಉದುರಿತು. ಡ್ರೈವರು ಅದನ್ನೇ ನೋಡುತ್ತಾ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಹೊಸಾವು ಹಾಕಿಕೊಡ್ತೇನಿ. ಸಂಜೀ ಮಟ ಆಗ್ತೈತ್ರಿ,” ಎಂದ ಮೋದಿನಸಾಬ. ಆಮೇಲೆ ಮಗಳ ಕಡೆ ತಿರುಗಿದ. “ಒಳಗ ಹೋಗಿ ಎರಡು ತುತ್ತು ಉಂಡು ಬಾರವಾ.”

ಗುಲನಾಜ ತಲೆ ಅಲ್ಲಾಡಿಸಿದಳು. ಮುದ್ದೇಬಿಹಾಳದ ಕಡೆಯಿಂದ ಇನ್ನೊಂದು ಬಿಳಿಯ ವ್ಯಾನು ಬರುತ್ತಿತ್ತು. ಅವಳು ರಸ್ತೆಯ ಅಂಚಿಗೆ ಹೋಗಿ ಕೈ ಎತ್ತಿ ನಿಂತಳು. ಇನ್ನೂ ನಾಲ್ಕು ಡಬ್ಬಿ ಉಳಿದಿದ್ದವು.